ವಿಮಾನದ ಬಯಲುಗಳು



ದತ್ತಿಯೊಂದನ್ನು ಇಟ್ಟು ವರ್ಷಕ್ಕೊಂದು ಉಪನ್ಯಾಸ ನಡೆಯುವಂತೆ ಏರ್ಪಡಿಸುವ ನಮ್ಮ ಹಿರಿಯರ ಪದ್ಧತಿಯಲ್ಲಿ, ಮಾತನಾಡುವವನಿಗೆ ಸಲ್ಲುವ ಗೌರವಕ್ಕಿಂತ ಅವನ ಮೇಲೆ ಬೀಳುವ ಹೊಣೆಯೇ ಹೆಚ್ಚಿನದು. ಎಲ್ಲರೂ ಬಲ್ಲ ಸಂಗತಿಯನ್ನೇ ಇನ್ನೊಮ್ಮೆ ಹೇಳಿ ಕೈಮುಗಿದು ಕುಳಿತುಬಿಟ್ಟರೆ ದತ್ತಿಯನ್ನಿಟ್ಟವರ ಆಶಯ ನೆರವೇರಿದಂತಾಗದು. ಆದುದರಿಂದ, ಚರಿತ್ರೆಯ ಗ್ರಂಥಗಳಲ್ಲಿ ಅಡಿಟಿಪ್ಪಣಿಯ ಯೋಗ್ಯತೆಯನ್ನೂ ಬಹುಮಟ್ಟಿಗೆ ಪಡೆಯದೆ ಉಳಿದ ಒಂದು ವಸ್ತುವನ್ನು ಇಂದು ತಮ್ಮ ಮುಂದಿಡಲು ಅನುಜ್ಞೆಯನ್ನು ಬೇಡುತ್ತೇನೆ. ನಮ್ಮ ದೇಶದ ಸಣ್ಣ ವಿಮಾನ ನಿಲ್ದಾಣಗಳು, ಅವುಗಳಲ್ಲಿಯೂ ಬಳಕೆ ತಪ್ಪಿ ಹುಲ್ಲು ಬೆಳೆದು ಜನದ ನೆನಪಿನಿಂದ ಜಾರಿಹೋದುವು, ಆ ವಸ್ತು.

ಪುರಾತನ ವಾಸ್ತುಗಳನ್ನು ಅರಸುವವರಿಗೆ ಒಂದು ಸೌಕರ್ಯವುಂಟು. ಕೋಟೆ ಪಾಳುಬಿದ್ದರೂ ಬುರುಜೊಂದು ನಿಂತಿರುತ್ತದೆ. ದೇವಾಲಯ ಜೀರ್ಣವಾದರೂ ಅಧಿಷ್ಠಾನದ ಕಲ್ಲುಗಳು ಹೇಳಬೇಕಾದುದನ್ನು ಹೇಳುತ್ತವೆ. ಕೆರೆ ಒಡೆದರೂ ಏರಿ ಉಳಿಯುತ್ತದೆ. ಇವೆಲ್ಲವೂ ಮನುಷ್ಯನು ನೆಲದ ಮೇಲೆ ಏನನ್ನೋ ಎತ್ತಿ ನಿಲ್ಲಿಸಿದುದರ ಸಾಕ್ಷಿಗಳು. ವಿಮಾನದ ಬಯಲಾದರೋ ಇದಕ್ಕೆ ತೀರ ವಿಪರೀತವಾದ ರಚನೆ. ಅಲ್ಲಿ ನಿರ್ಮಾಣದ ಮುಕ್ಕಾಲು ಪಾಲು ನಿವಾರಣವೇ: ಹುತ್ತವನ್ನು ಕೆಡಹುವುದು, ಬಂಡೆಯನ್ನು ಸಿಡಿಸುವುದು, ಮರವನ್ನು ಬೇರುಸಹಿತ ಕೀಳುವುದು, ಗದ್ದೆಯ ಬದುಗಳನ್ನು ಅಳಿಸುವುದು, ಉಬ್ಬನ್ನು ಇಳಿಸಿ ತಗ್ಗನ್ನು ತುಂಬುವುದು. ಕೆಲಸವು ಎಷ್ಟು ಚೆನ್ನಾಗಿ ನೆರವೇರಿತೋ ಅಷ್ಟರ ಮಟ್ಟಿಗೆ, ಕೆಲಸ ನಡೆಯಿತೆಂಬ ಗುರುತೇ ಕಣ್ಣಿಗೆ ಬೀಳದೆ ಹೋಗುತ್ತದೆ. ದನ ಮೇಯುತ್ತಿರುವ ಸಮತಟ್ಟಾದ ನೆಲವನ್ನು ಕಂಡು, ಇದನ್ನು ಸಾವಿರಾರು ಕೈಗಳು ಸಮಮಾಡಿದುವೆಂದು ದಾರಿಹೋಕನು ಊಹಿಸುವುದು ಹೇಗೆ?

ನಮ್ಮ ವಿಮಾನಯಾನದ ಚರಿತ್ರೆಯು ಇದುವರೆಗೆ ಇಳಿದವರ ಚರಿತ್ರೆಯಾಗಿದೆ. ಯಾರು, ಯಾವ ವಿಮಾನದಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಬಂದಿಳಿದರೆಂಬುದನ್ನು ನಾವು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದೇವೆ. ಇಳಿಯುವುದಕ್ಕೆ ನೆಲವನ್ನು ಹದಮಾಡಿದವರನ್ನೂ, ಆ ನೆಲವನ್ನು ತೆರವುಮಾಡಿ ಹೋದವರನ್ನೂ ಕುರಿತ ಚರಿತ್ರೆ ಬೇರೆಯೇ ಇದೆ. ಸಣ್ಣ ನಿಲ್ದಾಣಗಳ ಹುಟ್ಟು, ಬಾಳು, ಮರೆವುಗಳನ್ನು ಪರಿಶೀಲಿಸುತ್ತ ಹೋದರೆ ಈ ಎರಡನೆಯ ಚರಿತ್ರೆಯ ಬಾಗಿಲು ತಾನಾಗಿಯೇ ತೆರೆಯುತ್ತದೆಂಬುದು ನನ್ನ ಪ್ರತಿಪಾದನೆ.

*

ಆರಂಭಕಾಲದಲ್ಲಿ ವಿಮಾನಕ್ಕೆಂದು ಪ್ರತ್ಯೇಕವಾದ ನೆಲವೇ ಇರಲಿಲ್ಲ. ೧೯೧೧ನೆಯ ಫೆಬ್ರವರಿ ೧೮ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ತರುಣನು ಸುಮಾರು ೬,೫೦೦ ಪತ್ರಗಳ ಚೀಲವನ್ನು ಹೊತ್ತು ಅಲಹಾಬಾದಿನಿಂದ ಹಾರಿ, ಯಮುನೆಯನ್ನು ದಾಟಿ, ಆರು ಮೈಲಿಯಷ್ಟು ದೂರದ ನೈನಿಯಲ್ಲಿ ಇಳಿದನು. ಲೋಕದ ಮೊತ್ತಮೊದಲ ಅಧಿಕೃತ ವಿಮಾನ ಅಂಚೆಯೆಂದು ಪ್ರಸಿದ್ಧವಾದ ಈ ಯಾನವು ಹೊರಟದ್ದು ವಸ್ತುಪ್ರದರ್ಶನ ನಡೆಯುತ್ತಿದ್ದ ಮೈದಾನದಿಂದ. ಆ ಕಾಲದ ವಿಮಾನಗಳು ಹಗುರವಾದುವು, ನಿಧಾನವಾದುವು. ಗಾಳಿಗೆ ಎದುರಾಗಿಯೇ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಗಾಳಿಯಾದರೋ ಎತ್ತಣಿಂದ ಬೀಸೀತೆಂದು ಹೇಳಲಾಗದು. ಆದುದರಿಂದ ಅವುಗಳಿಗೆ ಬೇಕಾದುದು ಹಾದಿಯಲ್ಲ, ನಾಲ್ಕು ದಿಕ್ಕಿಗೂ ತೆರೆದ ಬಯಲು. ಪೋಲೋ ಆಡುವ ಮೈದಾನ, ಕುದುರೆಜೂಜಿನ ಬಯಲು, ದಂಡಿನ ಕವಾಯತಿನ ನೆಲ, ಇವು ಮೊದಲ ನಿಲ್ದಾಣಗಳಾದುದೂ, ದಂಡುಪ್ರದೇಶಗಳುಳ್ಳ ಊರುಗಳಿಗೆ ವಿಮಾನವು ಮೊದಲು ಬಂದುದೂ ಈ ಕಾರಣದಿಂದಲೇ.

ಸರ್ಕಾರವು ನಾಗರಿಕ ವಿಮಾನಯಾನಕ್ಕೆಂದು ಒಂದು ಇಲಾಖೆಯನ್ನು ತೆರೆದದ್ದು ೧೯೨೭ರಲ್ಲಿ. ಮುಂಬಯಿಯ ಜುಹು ನಿಲ್ದಾಣ ಆರಂಭವಾದುದು ೧೯೨೮ರಲ್ಲಿ. ಲಂಡನ್ನಿನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸಿನ ಸೇವೆ ನಡೆದದ್ದು ೧೯೨೯ರ ವಸಂತದಲ್ಲಿ. ನಿಲ್ದಾಣವೆಂದು ಕರೆಯಿಸಿಕೊಳ್ಳುವುದಕ್ಕೆ ಆಗ ಬಹಳ ಸಾಮಗ್ರಿ ಬೇಕಾಗಿರಲಿಲ್ಲ. ನೆಲದ ನಡುವೆ ಸುಣ್ಣದಿಂದ ಬರೆದ ದೊಡ್ಡದೊಂದು ವೃತ್ತ, ಆಕಾಶದಿಂದ ಓದಬರುವಂತೆ ದಪ್ಪ ಅಕ್ಷರಗಳಲ್ಲಿ ಊರಿನ ಹೆಸರು, ಕಂಬದ ತುದಿಯಲ್ಲಿ ಗಾಳಿಯ ದಿಕ್ಕನ್ನು ಸೂಚಿಸುವ ಬಟ್ಟೆಯ ಚೀಲ, ಒಂದು ಮೂಲೆಯಲ್ಲಿ ಪೆಟ್ರೋಲು ಡಬ್ಬಗಳನ್ನಿಡುವ ಗರಿಯ ಅಥವಾ ತಗಡಿನ ಚಪ್ಪರ. ಇಷ್ಟಿದ್ದರೆ ಅದು ಏರೋಡ್ರೋಮು.

ಇಂಥದೊಂದು ನಿಲ್ದಾಣದ ಮೂಲಕವೇ ಕನ್ನಡನಾಡು ಭಾರತದ ವಿಮಾನಯಾನದ ಚರಿತ್ರೆಯನ್ನು ಪ್ರವೇಶಿಸಿತು. ಭಾರತದಲ್ಲಿ ಕೊಟ್ಟ ಮೊದಲ ವೈಮಾನಿಕ ಪರವಾನಗಿಯನ್ನು ೧೯೨೯ರಲ್ಲಿ ಪಡೆದಿದ್ದ ಜೆ. ಆರ್. ಡಿ. ಟಾಟಾ ಅವರು, ೧೯೩೨ರ ಅಕ್ಟೋಬರ್ ೧೫ರ ಬೆಳಗ್ಗೆ ಕರಾಚಿಯ ಡ್ರಿಗ್ ರೋಡಿನಿಂದ ಪುಸ್ ಮಾತ್ ಎಂಬ ಒಂಟಿ ಯಂತ್ರದ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲಗಳೊಡನೆ ಹೊರಟು, ನಡುವೆ ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನ ೧ ಗಂಟೆ ೫೦ ನಿಮಿಷಕ್ಕೆ ಜುಹುವನ್ನು ಸೇರಿದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲು ನಾಲ್ಕು ಗ್ಯಾಲನ್ನಿನ ಡಬ್ಬಗಳಲ್ಲಿ ಎತ್ತಿನ ಗಾಡಿಯ ಮೇಲೆ ಬಂದಿತು. ಮುಂಬಯಿಯಿಂದ ಮುಂದಕ್ಕೆ ಅಂಚೆಯನ್ನು ಕೊಂಡೊಯ್ದವರು, ಈ ಸೇವೆಯ ಯೋಜನೆಯನ್ನು ಟಾಟಾ ಅವರ ಮುಂದಿಟ್ಟ ನೆವಿಲ್ ವಿನ್ಸೆಂಟ್. ಅವರು ಆ ರಾತ್ರಿ ತಂಗಿದ ಊರು ಬಳ್ಳಾರಿ. ಮದರಾಸನ್ನು ಮುಟ್ಟಿದ್ದು ಮರುದಿನ.

ಬಳ್ಳಾರಿಯೇ ಏಕೆ? ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಆ ಜಿಲ್ಲಾಕೇಂದ್ರವು ಅಂಚೆಯ ರಾಶಿಯಿಂದಾಗಲಿ ವ್ಯಾಪಾರದ ಹೆಚ್ಚಳದಿಂದಾಗಲಿ ಆ ಗೌರವವನ್ನು ಗಳಿಸಿದ್ದಲ್ಲ. ಪುಸ್ ಮಾತ್ ವಿಮಾನವು ನಾನೂರು ಮೈಲಿಯೊಳಗೆ ಒಮ್ಮೆ ಇಳಿದು ಪೆಟ್ರೋಲು ತುಂಬಿಸಿಕೊಳ್ಳಬೇಕಾಗಿತ್ತು. ದಾರಿತೋರಿಸುವ ರೇಡಿಯೊ ಇಲ್ಲದ ಆ ಕಾಲದಲ್ಲಿ ಕತ್ತಲಾಗುವುದರೊಳಗೆ ನೆಲ ಮುಟ್ಟಬೇಕಾಗಿತ್ತು. ಮುಂಬಯಿಗೂ ಮದರಾಸಿಗೂ ನೇರವಾದ ಗೆರೆಯನ್ನು ಎಳೆದರೆ ಅದರ ನಡುದಾರಿಗೆ ಸಮೀಪದಲ್ಲಿ, ದಂಡಿನ ಬಯಲೂ ಒಣ ಹವೆಯೂ ಉಳ್ಳ ಬಳ್ಳಾರಿ ಸಿಕ್ಕಿತು. ಹಳೆಯ ಗಾಡಿದಾರಿಗಳಲ್ಲಿ ಎತ್ತುಗಳ ನೊಗ ಕಳಚಿ ನೀರು ಕುಡಿಸುವ ತೋಪುಗಳು ಇರುತ್ತಿದ್ದುದು ಆ ಸ್ಥಳದ ಮಹಿಮೆಯಿಂದಲ್ಲ, ಎತ್ತಿನ ಕಾಲಿನ ಶಕ್ತಿಯಿಂದ; ಅದರಂತೆಯೇ ಇದು. ಸಣ್ಣ ನಿಲ್ದಾಣವು ವಿಮಾನದ ಅಲ್ಪಶಕ್ತಿಯ ಸಂತಾನ. ಈ ತತ್ತ್ವವನ್ನು ಹಿಡಿದುಕೊಂಡರೆ, ಅದು ಏಕೆ ಹುಟ್ಟಿತೆಂಬುದು ಮಾತ್ರವಲ್ಲದೆ ಏಕೆ ಮರೆತುಹೋಯಿತೆಂಬುದೂ ಅರ್ಥವಾಗುತ್ತದೆ: ಯಂತ್ರದ ಬಲ ಬೆಳೆದಂತೆಲ್ಲ, ನಡುದಾರಿಯ ಊರುಗಳ ಮೇಲೆ ವಿಮಾನಗಳು ಇಳಿಯದೆ ಹಾದುಹೋಗತೊಡಗಿದುವು.

ಜುಹುವಿನ ಕಷ್ಟ ಬೇರೊಂದು ಬಗೆಯದು. ಕಡಲಂಚಿನ ಆ ಜವುಗು ನೆಲವು ಮಳೆಗಾಲದಲ್ಲಿ ನೀರಿನಡಿ ಮುಳುಗುತ್ತಿದ್ದುದರಿಂದ, ಟಾಟಾ ಅವರ ಸೇವೆ ವರ್ಷವರ್ಷವೂ ಆ ತಿಂಗಳುಗಳಲ್ಲಿ ಸಾಮಾನು ಸರಂಜಾಮುಗಳ ಸಮೇತ ಪುಣೆಗೆ ಗುಳೆ ಹೋಗಬೇಕಾಗುತ್ತಿತ್ತು. ಇಷ್ಟಾಗಿಯೂ ಸರ್ಕಾರದ ಸಹಾಯಧನವಿಲ್ಲದೆಯೇ ಆ ಸೇವೆ ನಿಂತಿತು, ಬೆಳೆಯಿತು. ೧೯೩೫ರಲ್ಲಿ ಮುಂಬಯಿಯಿಂದ ಗೋವಾ, ಕಣ್ಣಾನೂರುಗಳ ಮೂಲಕ ತಿರುವನಂತಪುರಕ್ಕೆ ಇನ್ನೊಂದು ಮಾರ್ಗ ತೆರೆಯಿತು. ಕಣ್ಣಾನೂರಿನಲ್ಲಿ ಊರ ಮೈದಾನವೇ ನಿಲ್ದಾಣವಾಯಿತು. ಗೋವಾಕ್ಕೂ ಕಣ್ಣಾನೂರಿಗೂ ನಡುವಣ ನಮ್ಮ ಕರಾವಳಿಯವರಿಗೆ ಮಂಗಳೂರಿನ ಬಜಪೆಯ ಬೆಟ್ಟದ ಮೇಲೆ ವಿಮಾನವಿಳಿಯುವುದನ್ನು ಕಾಣುವ ಯೋಗ ಕೂಡಿಬಂದುದು ೧೯೫೧ರ ಡಿಸೆಂಬರಿನಲ್ಲಿ, ನೆಹರೂ ಅವರನ್ನು ಹೊತ್ತ ಡಕೋಟಾ ವಿಮಾನ ಅಲ್ಲಿಗೆ ಬಂದಾಗ.

ನೆಲವನ್ನು ಬಿಟ್ಟು ನೀರಿನ ಮೇಲೆ ಇಳಿಯುವ ವಿಮಾನಗಳ ಯುಗವೂ ಒಂದು ಬಂದು ಹೋಯಿತು. ೧೯೩೦ರ ದಶಕದ ಕೊನೆಯಲ್ಲಿ ಇಂಪೀರಿಯಲ್ ಏರ್‌ವೇಸಿನ ಹಾರುದೋಣಿಗಳು ಮೇವಾಡದ ರಾಜಸಮಂದದಲ್ಲಿ, ಗ್ವಾಲಿಯರಿನ ಮಾಧವಸಾಗರದಲ್ಲಿ, ಅಲಹಾಬಾದಿನ ಯಮುನೆಯಲ್ಲಿ, ಕಲಕತ್ತೆಯ ಹೂಗ್ಲಿಯಲ್ಲಿ ಇಳಿದು ಏರುತ್ತಿದ್ದುವು. ಕ್ಷಾಮಕಾಲದಲ್ಲಿ ಜನರಿಗೆ ಕೂಲಿ ದೊರಕಿಸಲೆಂದು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ರಾಜಸಮಂದದ ಕೆರೆಯು ಲಂಡನ್ನಿನ ಪ್ರಯಾಣಿಕರಿಗೆ ತಂಗುದಾಣವಾದುದು ಇತಿಹಾಸದ ಒಂದು ವಿನೋದ. ಈ ನಿಲ್ದಾಣಗಳು ಬಳಕೆ ತಪ್ಪಿದ ಮೇಲೆ ಮತ್ತೆ ಬರಿಯ ಕೆರೆಗಳಾದುವು.

*

ಸಾವಧಾನವಾಗಿ ಬೆಳೆಯುತ್ತಿದ್ದ ಈ ವ್ಯವಸ್ಥೆಯನ್ನು ಎರಡನೆಯ ಮಹಾಯುದ್ಧವು ಬುಡಮೇಲು ಮಾಡಿತು. ಅದುವರೆಗೆ ಭಾರತದ ಸೈನಿಕ ನಿಲ್ದಾಣಗಳೆಲ್ಲ ವಾಯವ್ಯದ ಗಡಿಯತ್ತ ಮುಖಮಾಡಿದ್ದುವು. ಶತ್ರುವು ಖೈಬರಿನ ಕಡೆಯಿಂದ ಬಂದಾನೆಂಬುದು ನೂರು ವರ್ಷದ ನಂಬಿಕೆ. ೧೯೪೨ರ ಫೆಬ್ರವರಿಯಲ್ಲಿ ಸಿಂಗಪುರವೂ ಮಾರ್ಚಿನಲ್ಲಿ ರಂಗೂನೂ ಜಪಾನೀಯರ ಕೈಸೇರಿ, ಏಪ್ರಿಲ್ಲಿನಲ್ಲಿ ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದಾಗ, ಪೂರ್ವದಿಕ್ಕಿನಲ್ಲಿ ಸಾಕಷ್ಟು ನಿಲ್ದಾಣಗಳಿಲ್ಲವೆಂಬುದು ಸರ್ಕಾರಕ್ಕೆ ಹಠಾತ್ತನೆ ಮನವರಿಕೆಯಾಯಿತು. ಆ ವರ್ಷವೇ ಇನ್ನೂರಕ್ಕೂ ಮಿಕ್ಕ ನಿಲ್ದಾಣಗಳನ್ನು ದೇಶದಲ್ಲಿ ಕಟ್ಟುವ ಯೋಜನೆಯನ್ನು ಕೈಗೊಳ್ಳಲಾಯಿತು.

ಹಿಂದಿನಂತೆ ಹುಲ್ಲಿನ ಬಯಲು ಈಗ ಸಾಲದು. ಬಾಂಬು ಹೊತ್ತ ವಿಮಾನದ ಭಾರವನ್ನು ಮಳೆಗಾಲದಲ್ಲಿಯೂ ತಾಳಬಲ್ಲ, ಒಂದು ಮೈಲಿಗೂ ಹೆಚ್ಚು ಉದ್ದದ, ಐವತ್ತು ಗಜದಷ್ಟು ಅಗಲದ ಗಟ್ಟಿಯಾದ ರನ್‌ವೇ ಬೇಕು. ವಿಮಾನಗಳನ್ನು ಒಂದೆಡೆ ಗುಂಪಾಗಿ ನಿಲ್ಲಿಸದೆ ಚದುರಿಸಿಡುವುದಕ್ಕೆ ಸುತ್ತುದಾರಿಗಳು ಬೇಕು. ಬಾಂಬಿನ ಸಿಡಿತದಿಂದ ಕಾಯುವುದಕ್ಕೆ ಮೂರು ಪಕ್ಕದ ಮಣ್ಣಿನ ದಿಬ್ಬಗಳು ಬೇಕು. ಬಯಲು ಹಾದಿಯಾಗಿ ಮಾರ್ಪಟ್ಟದ್ದು ಆಗ. ಯಂತ್ರಗಳು ವಿರಳವಾಗಿದ್ದ ಆ ದಿನಗಳಲ್ಲಿ ಈ ಮಹಾಕಾರ್ಯದ ಬಹುಭಾಗ ನಡೆದುದು ಕೂಲಿಯವರ ಕೈಗಳಿಂದ. ಗಂಡಸರು ಸುತ್ತಿಗೆಯಿಂದ ಜಲ್ಲಿಯೊಡೆದರು. ಹೆಂಗಸರು ಮಕ್ಕಳನ್ನು ಮರದ ನೆರಳಿನಲ್ಲಿ ಮಲಗಿಸಿ ಬುಟ್ಟಿಬುಟ್ಟಿಯಾಗಿ ಜಲ್ಲಿಯನ್ನು ತಲೆಯ ಮೇಲೆ ಹೊತ್ತು ತಂದು ಸುರಿದರು. ಅಸ್ಸಾಮಿನಲ್ಲಿ ಚಹಾತೋಟಗಳ ಆಳುಗಳನ್ನು ಈ ಕೆಲಸಕ್ಕೆ ತೊಡಗಿಸಲಾಯಿತು. ಛಾಬುವಾದ ನಿಲ್ದಾಣವಂತೂ ಚಹಾತೋಟದ ನೆಲದ ಮೇಲೆಯೇ ಹರಡಿಕೊಂಡಿತು. ಅಲ್ಲಿಂದಲೂ ಮೋಹನ್‌ಬಾಡಿ, ಸೂಕ್ರೇಟಿಂಗ್, ದಿನ್‌ಜಾನ್, ಜೋರ್ಹಾಟ್ ಮೊದಲಾದ ನೆರೆಯ ನಿಲ್ದಾಣಗಳಿಂದಲೂ ಎದ್ದ ಸರಕಿನ ವಿಮಾನಗಳು ಹಿಮಾಲಯದ ಪೂರ್ವಶಾಖೆಗಳನ್ನು ದಾಟಿ, ಯುದ್ಧ ಮುಗಿಯುವುದರೊಳಗೆ ಚೀನಕ್ಕೆ ಸಾಗಿಸಿದ ಸಾಮಗ್ರಿಯ ಮೊತ್ತ ಸುಮಾರು ೬,೫೦,೦೦೦ ಟನ್ನು.

ಮಣಿಪುರದ ಇಂಫಾಲದ ಬಯಲಿನಲ್ಲಿ ಕೊಯಿರೆಂಗೈ, ಪಾಲೆಲ್, ತುಲಿಹಾಲ್, ಕಾಂಗ್ಲಾ, ಸಪಾಮ್, ವಾಂಗ್‌ಜಿಂಗ್ ಎಂಬ ಆರು ನಿಲ್ದಾಣಗಳಿದ್ದುವು. ಅವುಗಳಲ್ಲಿ ಕೊಯಿರೆಂಗೈ, ಪಾಲೆಲ್‌ಗಳೆರಡೇ ಮಳೆಗಾಲಕ್ಕೆ ತಡೆಯುವಂಥವು. ಉಳಿದುವು ಬೇಸಗೆಯ ನಿಲ್ದಾಣಗಳು. ೧೯೪೪ರಲ್ಲಿ ಜಪಾನೀ ಸೇನೆಯು ನೆಲದ ದಾರಿಗಳನ್ನು ಕಟ್ಟಿಹಾಕಿದಾಗ ಒಂದು ದೊಡ್ಡ ಸೈನ್ಯದ ಅನ್ನವೂ ಮದ್ದುಗುಂಡೂ ಗಾಯಾಳುಗಳ ಸಾಗಾಣಿಕೆಯೂ ಈ ಬಯಲುಗಳನ್ನೇ ನಂಬಿ ನಡೆದುವು. ಅಲ್ಲಿ ಹೋರಾಡಿದ ಭಾರತೀಯ ವಾಯುದಳದ ಒಂದನೆಯ ಸ್ಕ್ವಾಡ್ರನ್ನಿನ ನಾಯಕ ಅರ್ಜನ್ ಸಿಂಗರ ಹೆಸರು ದೇಶಕ್ಕೆ ಚಿರಪರಿಚಿತವಾಯಿತು. ಕಲ್ಲು ಸಿಗದ, ಕಾಲ ಸಾಲದ ಬರ್ಮಾ ರಂಗದಲ್ಲಿ ಬಂಗಾಳದ ಸೆಣಬಿನ ಗೋಣಿತಟ್ಟನ್ನು ಡಾಂಬರಿನಲ್ಲಿ ನೆನೆಸಿ, ಸಮಮಾಡಿದ ಮಣ್ಣಿನ ಮೇಲೆ ಒಂದರಂಚಿನ ಮೇಲೊಂದನ್ನು ಹಾಸಿ, ನೀರಿಳಿಯದಂತೆ ಮಾಡುವ ಉಪಾಯವನ್ನು ಹೂಡಿದರು. ಇನ್ನು ಕೆಲವೆಡೆ ತೂತುಗಳುಳ್ಳ ಉಕ್ಕಿನ ಹಲಗೆಗಳನ್ನು ಒಂದಕ್ಕೊಂದು ಕೊಂಡಿಹಾಕಿ ಹಾಸಿದರು. ಯುದ್ಧ ಮುಗಿದ ಮೇಲೆ ಆ ಹಲಗೆಗಳು ಈಶಾನ್ಯ ಭಾರತದ ಮನೆಗಳಿಗೆ ಬೇಲಿಗಳಾದುವು.

ದಕ್ಷಿಣ ಬಂಗಾಳ ಮತ್ತು ಅದರ ಆಸುಪಾಸಿನ ನಿಲ್ದಾಣಗಳ ಕಥೆ ಇದಕ್ಕಿಂತಲೂ ವಿಚಿತ್ರವಾದುದು. ಖರಗ್‌ಪುರದ ಹಿಜ್ಲಿ, ಚಾಕುಲಿಯಾ, ಪಿಯಾರ್‌ಡೋಬಾ, ದೂಧ್‌ಕುಂಡಿ ಎಂಬ ಸ್ಥಳಗಳಲ್ಲಿ ಮೊದಲೇ ಇದ್ದ ರನ್‌ವೇಗಳನ್ನು, ಅಮೆರಿಕದವರು ಆಗತಾನೆ ಸಿದ್ಧಪಡಿಸಿದ ಬಿ-೨೯ ಎಂಬ ಭಾರಿ ಬಾಂಬು ವಿಮಾನಗಳಿಗೆಂದು ೧೯೪೪ರಲ್ಲಿ ಉದ್ದಗೊಳಿಸಲಾಯಿತು. ಆ ವರ್ಷದ ಜೂನ್ ೫ರಂದು ಇಲ್ಲಿಂದ ೯೮ ವಿಮಾನಗಳು ಎದ್ದು ಬ್ಯಾಂಕಾಕಿನ ಮೇಲೆ ದಾಳಿ ಮಾಡಿದುವು. ಬಿ-೨೯ ವಿಮಾನಗಳ ಮೊದಲ ಕದನಯಾತ್ರೆ ಅದು. ಆದರೆ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳು ಕೈವಶವಾದೊಡನೆ ಜಪಾನಿಗೆ ಸಮೀಪದ ನೆಲೆ ದೊರೆತಂತಾಗಿ, ೧೯೪೫ರ ಆರಂಭದಲ್ಲಿ ಆ ವಿಮಾನಗಳ ದಳವೆಲ್ಲ ಅಲ್ಲಿಗೆ ಹೊರಟುಹೋಯಿತು. ಅಂಥ ಭಾರಿ ವಿಮಾನಗಳನ್ನು ಹೊತ್ತ ಆ ರನ್‌ವೇಗಳ ವೈಭವ ಒಂದು ವರ್ಷದ ಬಾಳೂ ಅಲ್ಲ. ಒಡಿಶಾದ ಮಯೂರಭಂಜದಲ್ಲಿ, ಫ್ರಾಂಕ್ ಕೇರಿ ಎಂಬ ಹೆಸರಾಂತ ವೈಮಾನಿಕನ ನೇತೃತ್ವದಲ್ಲಿ ವಾಯುಸಮರದ ಶಿಕ್ಷಣ ನಡೆದ ಅಮರ್ದಾ ರೋಡಿನ ರನ್‌ವೇ ಮೂರು ಕಿಲೋಮೀಟರಿಗೂ ಉದ್ದವಾದುದು. ಅದು ಕೂಡ ಯುದ್ಧದ ತರುವಾಯ ನಿರ್ಜನವಾಯಿತು.

ಇಲ್ಲಿ ನಾವು ಒಂದು ಕ್ಷಣ ನಿಂತು, ಈ ನೆಲವು ಅದಕ್ಕೆ ಮುಂಚೆ ಯಾರದಾಗಿತ್ತೆಂದು ಕೇಳಬೇಕು. ಭಾರತ ರಕ್ಷಣಾ ನಿಯಮಗಳ ಬಲದಿಂದ ಸರ್ಕಾರವು ಬೇಕಾದ ಜಮೀನನ್ನು ಬೇಕಾದಾಗ ವಶಪಡಿಸಿಕೊಳ್ಳಬಹುದಾಗಿತ್ತು. ೧೯೪೩ರ ಬಂಗಾಳದ ಕ್ಷಾಮವನ್ನು ವಿಚಾರಿಸಿದ ಸರ್ ಜಾನ್ ವುಡ್‌ಹೆಡ್ ಅವರ ಆಯೋಗವು, ಸೈನ್ಯದ ನಾನಾ ಅಗತ್ಯಗಳಿಗಾಗಿ ಆ ಪ್ರಾಂತ್ಯದಲ್ಲಿ ಮನೆಯನ್ನೋ ಹೊಲವನ್ನೋ ಬಿಟ್ಟುಹೋಗಬೇಕಾದ ಕುಟುಂಬಗಳ ಸಂಖ್ಯೆ ೩೦,೦೦೦ಕ್ಕೂ ಮಿಗಿಲೆಂದೂ, ಪರಿಹಾರದ ಹಣ ಸಂದಿದ್ದರೂ ಅಂಥ ಅನೇಕ ಕುಟುಂಬಗಳವರು ಕ್ಷಾಮಕ್ಕೆ ಬಲಿಯಾದರೆಂಬುದರಲ್ಲಿ ಸಂದೇಹವಿಲ್ಲವೆಂದೂ ದಾಖಲಿಸಿದೆ. ಹಣವನ್ನು ಉಣ್ಣಲಾಗದು, ಗದ್ದೆ ಹೋದ ಮೇಲೆ ಬಂದ ಪರಿಹಾರದ ರೂಪಾಯಿ, ಅಕ್ಕಿಯ ಬೆಲೆ ಏರಿದ ವರ್ಷದಲ್ಲಿ ಎಷ್ಟು ದಿನ ಬಂದೀತು? ಜೂನ್ ೫ರ ದಾಳಿಯಲ್ಲಿ ಎಷ್ಟು ವಿಮಾನಗಳು ಎದ್ದುವೆಂಬುದು ಒಂದೂ ತಪ್ಪದಂತೆ ಲೆಕ್ಕದಲ್ಲಿದೆ. ನೆಲವನ್ನು ತೊರೆದವರು ಮಾತ್ರ ದುಂಡು ಸಂಖ್ಯೆಯಲ್ಲಿ ಅಡಕವಾಗಿ ಹೋಗಿದ್ದಾರೆ.

*

ಯುದ್ಧಾನಂತರ ಈ ನಿಲ್ದಾಣಗಳಿಗೆ ಮೂರು ಬಗೆಯ ಗತಿಗಳಾದುವು. ಕೆಲವು ಬೆಳೆದು ದೊಡ್ಡವಾದುವು: ಇಂಫಾಲದ ತುಲಿಹಾಲ್ ರಾಜಧಾನಿಯ ನಿಲ್ದಾಣವಾಯಿತು, ಕಲೈಕುಂಡಾ, ಪಾನಾಗಢಗಳು ವಾಯುಪಡೆಯ ನೆಲೆಗಳಾದುವು, ಅರಕ್ಕೋಣಂ ನೌಕಾದಳದ ವಿಮಾನಗಳಿಗೆ ಆಶ್ರಯವಿತ್ತಿತು. ಕೆಲವು ವೇಷವನ್ನು ಬದಲಿಸಿಕೊಂಡುವು: ಮದರಾಸಿನ ಸಮೀಪದ ಶೋಳಾವರದ ರನ್‌ವೇಗಳಲ್ಲಿ ಕಾರು ಮತ್ತು ಮೋಟಾರುಸೈಕಲ್ಲುಗಳ ಪಂದ್ಯಗಳು ದಶಕಗಳ ಕಾಲ ನಡೆದು, ಬೆಂಗಳೂರಿನ ಉತ್ಸಾಹಿಗಳೂ ಅಲ್ಲಿಗೆ ಯಾತ್ರೆ ಹೋಗುವಂತಾಯಿತು. ಮೂರನೆಯ ವರ್ಗದವು, ತಮಿಳುನಾಡಿನ ಉಳುಂದೂರುಪೇಟೆಯಂತೆ, ಬಿಸಿಲಿನಲ್ಲಿ ಬಿರಿದ ಕಾಂಕ್ರೀಟಿನ ಪಟ್ಟಿಗಳಾಗಿ ಉಳಿದುವು. ಅಂಥಲ್ಲಿ ನೆರೆಯೂರಿನವರು ಭತ್ತ ಒಣಗಿಸುತ್ತಾರೆ. ತರುಣರು ಮೋಟಾರು ನಡೆಸುವುದನ್ನು ಕಲಿಯುತ್ತಾರೆ. ಸುತ್ತಲಿನ ಉಳುಮೆ ಕಾಂಕ್ರೀಟ್ ಸಿಕ್ಕಲ್ಲಿ ನಿಂತುಬಿಡುತ್ತದೆ. ಉಪಗ್ರಹದಿಂದ ತೆಗೆದ ಚಿತ್ರವನ್ನು ನೋಡಿದರೆ ಹೊಲಗಳ ಅಂಕುಡೊಂಕು ಗೆರೆಗಳ ನಡುವೆ ಆ ಸರಳರೇಖೆ ಇಂದಿಗೂ ಸ್ಪಷ್ಟ.

ಮರೆವಿಗೆ ಯುದ್ಧಾಂತ್ಯವೊಂದೇ ಕಾರಣವಲ್ಲ. ಸೈನ್ಯವು ಮಾರಿದ ಡಕೋಟಾಗಳನ್ನು ಅಗ್ಗವಾಗಿ ಕೊಂಡು ಹಲವು ಸಂಸ್ಥೆಗಳು ಸಣ್ಣ ಊರುಗಳಿಗೂ ಹಾರಾಟ ನಡೆಸಿದ ಕಾಲವೊಂದಿತ್ತು. ೧೯೪೯ರ ಜನವರಿಯಿಂದ ನಾಲ್ಕು ದಿಕ್ಕಿನ ಮಹಾನಗರಗಳ ವಿಮಾನಗಳು ನಡುರಾತ್ರಿಯಲ್ಲಿ ನಾಗಪುರದಲ್ಲಿ ಕೂಡಿ, ಅಂಚೆಯ ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ತಂತಮ್ಮ ಊರನ್ನು ಸೇರುತ್ತಿದ್ದುವು. ೧೯೫೩ರಲ್ಲಿ ಸಂಸ್ಥೆಗಳು ರಾಷ್ಟ್ರೀಕೃತವಾದುವು. ವೈಕೌಂಟ್ ಮೊದಲಾದ ದೊಡ್ಡ ವಿಮಾನಗಳೂ ಅನಂತರ ಜೆಟ್ಟುಗಳೂ ಬಂದುವು. ಭಾರ ಹೆಚ್ಚಿದಂತೆ ರನ್‌ವೇ ಉದ್ದವಾಗಬೇಕು, ದಪ್ಪವಾಗಬೇಕು. ಆಸನಗಳು ಹೆಚ್ಚಿದಂತೆ ಪ್ರಯಾಣಿಕರು ಹೆಚ್ಚಬೇಕು. ಎರಡನ್ನೂ ಪೂರೈಸಲಾರದ ಊರು ವೇಳಾಪಟ್ಟಿಯಿಂದ ಬಿದ್ದುಹೋಗಬೇಕು. ೧೯೫೩ರಲ್ಲಿ ಬ್ರಿಟಿಷ್ ಸಂಸ್ಥೆಯೊಂದರ ಕಾಮೆಟ್ ಜೆಟ್ ವಿಮಾನವು ಮುಂಬಯಿಯ ದೊಡ್ಡ ನಿಲ್ದಾಣವಾದ ಸಾಂತಾಕ್ರೂಜ್ ಎಂದು ಭ್ರಮಿಸಿ ಜುಹುವಿನ ಕಿರಿಯ ರನ್‌ವೇಯಲ್ಲಿ ಇಳಿದುಬಿಟ್ಟು, ಮತ್ತೆ ಮೇಲೇಳುವುದಕ್ಕೆ ಕೆಲವು ದಿನ ಕಾಯಬೇಕಾದ ಪ್ರಸಂಗವು, ಎರಡು ಯುಗಗಳ ಅಳತೆ ಒಂದಕ್ಕೊಂದು ಹೊಂದದೆ ಹೋದುದಕ್ಕೆ ಒಳ್ಳೆಯ ನಿದರ್ಶನ.

*

ಹಾಗಾದರೆ ಸಣ್ಣ ನಿಲ್ದಾಣದ ಪ್ರಯೋಜನ ತೀರಿತೇ? ಸ್ವತಂತ್ರ ಭಾರತದ ಚರಿತ್ರೆಯು ಈ ಪ್ರಶ್ನೆಗೆ ಬೇರೆ ಉತ್ತರವನ್ನು ಕೊಡುತ್ತದೆ. ೧೯೪೭ರ ಚಳಿಗಾಲದಲ್ಲಿ, ಕಾಶ್ಮೀರದ ಯುದ್ಧದ ವೇಳೆ, ಮುತ್ತಿಗೆಗೆ ಸಿಕ್ಕಿದ್ದ ಪೂಂಛ್ ಪಟ್ಟಣದಲ್ಲಿ ನಿರಾಶ್ರಿತರೂ ಊರವರೂ ಕೂಡಿ ಇಳಿಯಲು ತಕ್ಕ ನೆಲವನ್ನು ಸಿದ್ಧಪಡಿಸಿದರು. ಏರ್ ಕಮೊಡೋರ್ ಮೆಹರ್ ಸಿಂಗ್ ಅಲ್ಲಿ ಡಕೋಟಾವನ್ನು ಇಳಿಸಿದರು. ಲಡಾಖಿಗೆ ಅಪಾಯವೊದಗಿದಾಗ, ಅಲ್ಲಿಯವರೇ ಆದ ಸೋನಂ ನೊರ್ಬು ಎಂಬ ಎಂಜಿನಿಯರು ಲೇಹದ ಜನರ ಕೈನೆರವಿನಿಂದ, ೧೦,೦೦೦ ಅಡಿಗೂ ಮೇಲಿರುವ ಸಿಂಧೂ ಕಣಿವೆಯ ಮರಳಿನಲ್ಲಿ ರನ್‌ವೇಯೊಂದನ್ನು ತೆಗೆದರು. ೧೯೪೮ರ ಮೇ ೨೪ರಂದು ಮೆಹರ್ ಸಿಂಗರು ಪರ್ವತಶ್ರೇಣಿಗಳನ್ನು ದಾಟಿ ಅಲ್ಲಿ ಇಳಿದಾಗ, ಅವರ ಡಕೋಟಾದಲ್ಲಿ ಜೊತೆಗಿದ್ದವರು ನಮ್ಮ ಕೊಡಗಿನ ವೀರರಾದ ಮೇಜರ್ ಜನರಲ್ ತಿಮ್ಮಯ್ಯನವರು. ಆ ಎತ್ತರಕ್ಕೆಂದು ಮಾಡಿದ ವಿಮಾನವಲ್ಲ ಅದು, ನಕ್ಷೆಯಿಲ್ಲದ ಹಾದಿ, ಇಳಿದಲ್ಲಿ ಯಂತ್ರ ನಿಂತರೆ ಮತ್ತೆ ಹೊರಟೀತೆಂಬ ಭರವಸೆಯಿಲ್ಲ. ತಿಮ್ಮಯ್ಯನವರ ಮತ್ತು ಮೆಹರ್ ಸಿಂಗರ ಸಾಹಸವನ್ನು ನಾವು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಅವರ ಗಾಲಿಗಳು ಮುಟ್ಟುವುದಕ್ಕೆ ಅಲ್ಲಿ ಒಂದು ನೆಲವಿತ್ತು, ಅದು ತಾನಾಗಿ ಆದ ನೆಲವಲ್ಲವೆಂಬುದನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು.

೧೯೭೧ರ ಡಿಸೆಂಬರಿನಲ್ಲಿ, ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ, ಕಚ್ಛದ ಭುಜ್ ರನ್‌ವೇ ಬಾಂಬಿನಿಂದ ಛಿದ್ರವಾದಾಗ, ನೆರೆಯ ಮಾಧಾಪರ ಗ್ರಾಮದ ಸುಮಾರು ೩೦೦ ಮಂದಿ ಸ್ತ್ರೀಯರು, ಸ್ಕ್ವಾಡ್ರನ್ ಲೀಡರ್ ವಿಜಯ ಕಾರ್ಣಿಕರ ಮೇಲ್ವಿಚಾರಣೆಯಲ್ಲಿ, ೭೨ ಗಂಟೆಗಳಲ್ಲಿ ಅದನ್ನು ಮತ್ತೆ ಹಾರಾಟಕ್ಕೆ ಯೋಗ್ಯವಾಗಿಸಿದರು. ೧೯೬೨ರ ಯುದ್ಧಕಾಲದಲ್ಲಿ ಬಳಸಿ ಅನಂತರ ಕೈಬಿಟ್ಟಿದ್ದ, ಲಡಾಖಿನ ದೌಲತ್ ಬೇಗ್ ಓಲ್ಡಿ ಎಂಬ ೧೬,೦೦೦ ಅಡಿಗೂ ಎತ್ತರದ ನಿಲ್ದಾಣದಲ್ಲಿ ೨೦೦೮ರ ಮೇ ೩೧ರಂದು ವಾಯುಪಡೆಯ ಎಎನ್-೩೨ ವಿಮಾನ ಇಳಿಯಿತು. ಸಣ್ಣ ಊರುಗಳಿಗೆ ವಿಮಾನಸಂಪರ್ಕ ಕಲ್ಪಿಸುವ ಸರ್ಕಾರದ ಉಡಾನ್ ಯೋಜನೆಯ ಫಲವಾಗಿ ಯುದ್ಧಕಾಲದ ಝಾರ್ಸುಗುಡಾಕ್ಕೆ ೨೦೧೮ರಲ್ಲಿಯೂ ಅಸ್ಸಾಮಿನ ರೂಪ್ಸಿಗೆ ೨೦೨೧ರಲ್ಲಿಯೂ ಪ್ರಯಾಣಿಕರು ಮತ್ತೆ ಬಂದರು. ಒಮ್ಮೆ ಸಮಮಾಡಿದ ನೆಲದ ಗುಣವೇ ಇದು. ಮನುಷ್ಯನು ಅದನ್ನು ಮರೆತರೂ ಅದು ತನ್ನ ಯೋಗ್ಯತೆಯನ್ನು ಬೇಗನೆ ಬಿಟ್ಟುಕೊಡುವುದಿಲ್ಲ.

ನಮ್ಮ ನಾಡಿನ ಕಡೆಗೆ ತಿರುಗೋಣ. ೧೯೪೦ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದಾಗ ಮೈಸೂರು ಸರ್ಕಾರವು ನೆಲವನ್ನೂ ಬಂಡವಾಳವನ್ನೂ ಒದಗಿಸಿತು. ಯುದ್ಧಕಾಲದಲ್ಲಿ ದುರಸ್ತಿಗೆ ಬರುತ್ತಿದ್ದ ಕ್ಯಾಟಲೀನಾ ಎಂಬ ಹಾರುದೋಣಿಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಕಾರ್ಖಾನೆಯನ್ನು ಸೇರುತ್ತಿದ್ದುವು. ಇಂದು ಆ ಕೆರೆಯ ಮಾಲಿನ್ಯದ ನೊರೆಯನ್ನು ಬಲ್ಲವರಲ್ಲಿ ಅದರ ವಿಮಾನಗಳನ್ನು ಬಲ್ಲವರು ಎಷ್ಟು ಮಂದಿ? ಬೆಳಗಾವಿಯ ಸಾಂಬ್ರಾ ಯುದ್ಧಕಾಲದ ನಿಲ್ದಾಣ. ೧೯೬೧ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆಗೆ ಹಂಟರ್ ವಿಮಾನಗಳು ಎದ್ದದ್ದು ಅಲ್ಲಿಂದ. ಮೈಸೂರಿನ ಮಂಡಕಳ್ಳಿಯು ರಾಜರ ಕಾಲದಲ್ಲಿ ಸಿದ್ಧವಾಗಿ, ಹಲವು ದಶಕ ನಿದ್ರಿಸಿ, ೨೦೧೦ರಲ್ಲಿ ಹೊಸ ಕಟ್ಟಡದೊಡನೆ ಎಚ್ಚೆತ್ತಿತು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಔದಾರ್ಯದಿಂದ ನೆಲ ಪಡೆದು ವೈಮಾನಿಕರನ್ನು ತಯಾರಿಸುತ್ತ ಬಂದ ಬೆಂಗಳೂರಿನ ಜಕ್ಕೂರು ನಿಲ್ದಾಣದ ಅಂಚಿನಲ್ಲಿಯೇ, ಹೊಸ ವಿಮಾನ ನಿಲ್ದಾಣಕ್ಕೆ ಹೋಗುವ ಎತ್ತರದ ಹೆದ್ದಾರಿ ಎದ್ದು ನಿಂತು, ಅದರ ರನ್‌ವೇಯ ಬಳಕೆಗೆ ಅಡ್ಡಿಯಾಯಿತು. ದೊಡ್ಡ ನಿಲ್ದಾಣದ ದಾರಿ ಸಣ್ಣ ನಿಲ್ದಾಣದ ತಲೆಯ ಮೇಲೆಯೇ ಹಾಯ್ದಿತೆನ್ನಬೇಕು.

*

ಇನ್ನು ಕರ್ತವ್ಯವನ್ನು ಕುರಿತು ಎರಡು ಮಾತು. ತಾಲ್ಲೂಕು ಕಚೇರಿಯ ಹಳೆಯ ಗ್ರಾಮನಕ್ಷೆಗಳಲ್ಲಿ, ಭೂಸ್ವಾಧೀನದ ಕಾಗದಗಳಲ್ಲಿ, ರಕ್ಷಣಾ ಇಲಾಖೆಯ ಹೆಸರಿನಲ್ಲಿ ಉಳಿದ ಸರ್ವೆ ನಂಬರುಗಳಲ್ಲಿ ಈ ಬಯಲುಗಳ ಜಾತಕ ಅಡಗಿದೆ. ನಮ್ಮ ಜಿಲ್ಲಾ ಗ್ಯಾಸೆಟಿಯರುಗಳು ಸಂಚಾರವ್ಯವಸ್ಥೆಯ ಅಧ್ಯಾಯದಲ್ಲಿ ರೈಲನ್ನೂ ರಸ್ತೆಯನ್ನೂ ವಿವರಿಸುವಂತೆ, ಪ್ರತಿಯೊಂದು ಹಳೆಯ ನಿಲ್ದಾಣದ ನೆಲ ಎಲ್ಲಿಂದ ಬಂದಿತು, ಯಾವ ಹಳ್ಳಿ ಸರಿಯಿತು, ಯಾರು ದುಡಿದರು, ಕೂಲಿ ಎಷ್ಟು, ಬಳಕೆ ನಿಂತ ಮೇಲೆ ನೆಲ ಯಾರ ವಶಕ್ಕೆ ಹೋಯಿತು ಎಂಬುದನ್ನು ಬರೆಯಬೇಕು. ೧೯೪೨ರಲ್ಲಿ ಬಾಲಕರಾಗಿದ್ದವರು ಈಗ ತೊಂಬತ್ತನ್ನು ಮೀರಿದ್ದಾರೆ. ತಮ್ಮ ತಾಯಂದಿರು ಜಲ್ಲಿ ಹೊತ್ತುದನ್ನು ಕಂಡ ಆ ಕಣ್ಣುಗಳು ಮುಚ್ಚುವುದಕ್ಕೆ ಮೊದಲು, ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ಅವರ ಬಳಿ ಹೋಗಿ ಕುಳಿತುಕೊಳ್ಳಬೇಕು.

ಇದು ವಿಮಾನಗಳ ಮೇಲೆ ಮೋಹವುಳ್ಳವರ ಹವ್ಯಾಸವೆಂದು ಯಾರೂ ಎಣಿಸಬಾರದು. ಆಪತ್ಕಾಲದಲ್ಲಿ ರಾಜ್ಯವು ಪ್ರಜೆಯಿಂದ ನೆಲವನ್ನೂ ಬೆವರನ್ನೂ ಪಡೆಯುತ್ತದೆ. ಆಪತ್ತು ಕಳೆದ ಮೇಲೆ ಎರಡನ್ನೂ ಮರೆಯುತ್ತದೆ. ಹೊಸದೊಂದು ನಿಲ್ದಾಣ ಬೇಕಾದಾಗ ಇನ್ನೊಂದು ಹಳ್ಳಿಯ ಹೊಲಗಳ ಮೇಲೆ ಗೆರೆ ಎಳೆಯುತ್ತದೆ. ಇರುವ ಬಯಲುಗಳ ಸರಿಯಾದ ಲೆಕ್ಕವೂ ಚರಿತ್ರೆಯೂ ಕೈಯಲ್ಲಿದ್ದರೆ, ಹೊಸ ಗೆರೆಯನ್ನು ಎಳೆಯುವ ಮೊದಲು ಹಳೆಯ ಗೆರೆ ಎಲ್ಲಿದೆಯೆಂದು ಕೇಳುವ ಅಧಿಕಾರ ಪ್ರಜೆಗೆ ಬರುತ್ತದೆ. ಲೇಹದ ರನ್‌ವೇಯೊಡನೆ ಸೋನಂ ನೊರ್ಬುವಿನ ಹೆಸರೂ, ಭುಜ್ ರನ್‌ವೇಯೊಡನೆ ಮಾಧಾಪರದ ಸ್ತ್ರೀಯರ ಹೆಸರೂ ಉಳಿದುಬಂದಿರುವುದರಿಂದ, ಇಂಥ ಚರಿತ್ರೆ ಅಸಾಧ್ಯವಲ್ಲವೆಂಬುದು ಸಿದ್ಧವಾಗಿದೆ; ಉಳಿದ ಬಯಲುಗಳಿಗೂ ಆ ನ್ಯಾಯವನ್ನು ಸಲ್ಲಿಸುವುದು ಸ್ಥಳೀಯ ಚರಿತ್ರೆಯನ್ನು ಬರೆಯುವವರ ಪಾಲಿನ ಕೆಲಸ.